ದಿಲ್ಲಿಗೆ ನಿಂತ ಸಿದ್ದರಾಯ

"ಬಾಯಿ ತೆರಿಯಲೇ ಸಿದ್ಯಾ. ದಿಲ್ಲಿ ಪ್ಯಾಟಿಗೆ ಹೊಡಿಯೂ ಎತ್ತು, ಹಲ್ಲ ನೋಡದ ಹೆಂಗ ಬಿಡೂದು?"

ದೇಸಾಯಿ ತೂಗುಮಂಚದ ಮೇಲೆ ಕುಳಿತಿದ್ದ. ಸಿದ್ದರಾಯ ಅವನ ವಾಡೆಯ ಅಂಗಳದಲ್ಲಿ ಬಾಯಿ ತೆರೆದು ನಿಂತ. ಕಾರಭಾರಿ ಅಂಬಾದಾಸ ಹತ್ತಿರ ಹೋಗಿ ಒಳಗೆ ಇಣುಕಿ, "ಹಲ್ಲ ಕೂಡ್ಯಾವ್ರಿ ಧಣೇರ. ಇನ್ನೂ ನಾಕು ಮಳಿಗಾಲ ಹೂಡಬಹುದು," ಎಂದ. ಅಂಗಳದಲ್ಲಿದ್ದ ನಾವೆಲ್ಲ ನಕ್ಕೆವು. ಸಿದ್ದರಾಯನೂ ನಕ್ಕಿರಬೇಕು. ಬಾಯಿ ಮೊದಲೇ ತೆರೆದಿದ್ದರಿಂದ ಗೊತ್ತಾಗಲಿಲ್ಲ.

ನಾವೆಂದರೆ ಬಬಲೇಶ್ವರದ ಸುತ್ತ ದೇಸಾಯಿಯ ಹೊಲಗಳನ್ನು ಪಾಲಿಗೆ ಮಾಡುವವರು. ಆ ವರ್ಷ ದೊಡ್ಡ ಲಡಾಯಿ ಮುಗಿದಿತ್ತು, ದಿಲ್ಲಿಯ ಸಭೆಗೆ ಚುನಾವಣೆ ಬಂದಿತ್ತು. ದೇಸಾಯಿ ನಿಂತಿದ್ದ. ಅವನ ಎದುರು ನಿಂತ ವಿಜಾಪುರದ ವಕೀಲನೊಬ್ಬ ರೈತರ ಪರ ಮಾತಾಡುತ್ತಾನೆಂದು ತಿಕೋಟಾದ ಕಡೆ ಹೆಸರು ಮಾಡಿದ್ದ. ಅದಕ್ಕೆ ದೇಸಾಯಿ ಯುಕ್ತಿ ಹೂಡಿದ. ರೈತನೊಬ್ಬನನ್ನೇ ನಿಲ್ಲಿಸಬೇಕು, ಅವನು ಊರೂರು ತಿರುಗಿ ಓಟಿದ್ದ ಸಣ್ಣ ರೈತರನ್ನು ವಕೀಲನಿಂದ ಬಿಡಿಸಬೇಕು, ಕಡೆಗೆ ಅರ್ಜಿ ಹಿಂದಕ್ಕೆ ಪಡೆದು, ಸೇರಿಸಿದ ಜನರನ್ನು ಕುರಿಹಿಂಡಿನಂತೆ ದೇಸಾಯಿಗೆ ಒಪ್ಪಿಸಬೇಕು. ಸ್ವಂತ ಹೊಲವಿಲ್ಲದವನಿಗೆ ಓಟೂ ಇಲ್ಲ, ನಿಲ್ಲುವ ಹಕ್ಕೂ ಇಲ್ಲ. ಯಾವುದೋ ಕಾಯಿದೆಗೆ ಅಂಜಿ ದೇಸಾಯಿ ಹಿಂದೊಮ್ಮೆ ತನ್ನ ಎರಿ ಹೊಲವೊಂದನ್ನು ಸಿದ್ದರಾಯನ ಹೆಸರಿಗೆ ಹಚ್ಚಿದ್ದ. ಹೆಸರು ಇವನದು, ಬೆಳೆ ವಾಡೆಯದು. ಅದು ನಮಗೆಲ್ಲ ಗೊತ್ತಿದ್ದ ಸಂಗತಿ. ಹೀಗಾಗಿ ಸಿದ್ದರಾಯ ಉಮೇದುವಾರನಾದ. ಠೇವಣಿಯನ್ನೂ ದೇಸಾಯಿಯೇ ಕಟ್ಟಿದ.

ಅರ್ಜಿ ಕೊಡಲು ವಿಜಾಪುರಕ್ಕೆ ಹೋದಾಗ ಜೊತೆಗೆ ನಾನಿದ್ದೆ. ಕಚೇರಿಯಲ್ಲಿ ದೇಸಾಯಿ ಕುರ್ಚಿಯ ಮೇಲೆ ಕುಳಿತ. ಸಿದ್ದರಾಯ ಅಭ್ಯಾಸದಂತೆ ಅವನ ಬೂಟಿನ ಪಕ್ಕ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ. ಅರ್ಜಿ ತೆಗೆದುಕೊಳ್ಳುವ ಸಾಹೇಬ ಕನ್ನಡಕ ಏರಿಸಿ ನೋಡಿದ.

"ಅವ ಯಾರು?"

"ಉಮೇದುವಾರ್ರಿ," ಎಂದ ಅಂಬಾದಾಸ.

"ಉಮೇದುವಾರ ನೆಲದ ಮ್ಯಾಲ ಯಾಕ ಕೂತಾನ? ಕುರ್ಚಿ ತರ್ರಿ."

ಜವಾನ ಕುರ್ಚಿ ತಂದು ದೇಸಾಯಿಯ ಪಕ್ಕದಲ್ಲೇ ಹಾಕಿದ. ಸಿದ್ದರಾಯ ದೇಸಾಯಿಯ ಮುಖ ನೋಡಿದ. ದೇಸಾಯಿ ಮೀಸೆಯ ಕೆಳಗೆ ಹೇಗೋ ನಗೆ ತಂದುಕೊಂಡು, "ಕೂಡಪಾ, ಸಿದ್ದರಾಯಾ," ಎಂದ. ವಾಡೆಯವರ ಬಾಯಲ್ಲಿ ಅವನ ಪೂರ್ತಿ ಹೆಸರು ಕೇಳಿದ್ದು ನಾನು ಅದೇ ಮೊದಲು. ಸಿದ್ದರಾಯ ಕುರ್ಚಿಯ ತುದಿಯಲ್ಲಿ ಕುಳಿತ. ಸ್ವಲ್ಪ ಹೊತ್ತಾದ ಮೇಲೆ ಹಿಂದೆ ಸರಿದ. ಬೆನ್ನಿಗೆ ಏನೋ ತಾಗಿತೆಂದು ಬೆಚ್ಚಿ ಹೊರಳಿ ನೋಡಿದ. ಅದು ಕುರ್ಚಿಯ ಬೆನ್ನು.

ದೇಸಾಯಿ ಮೋಟಾರಿನಲ್ಲಿ ಹೋದ. ನಾವು ಗೋಳಗುಮ್ಮಟದ ಎದುರು ಇಸಾಕನ ಅಂಗಡಿಯಲ್ಲಿ ಚಹಾ ಕುಡಿದು ಊರ ದಾರಿ ಹಿಡಿದೆವು.

"ಶಂಕ್ರೆಪ್ಪಾ, ಕುರ್ಚಿಗೆ ಬೆನ್ನ ಇರತೈತೋ," ಎಂದ ಸಿದ್ದರಾಯ.

"ಮತ್ತ ಇರೂದಿಲ್ಲೇನ?"

"ಕುಂತ ನೋಡೂತನಕ ಯಾರಿಗೆ ಗೊತ್ತು? ಅಂವಾ ದೇಸಾಯಿ ಇಡೀ ದಿನಾ ಕುಂತ್ರೂ ಯಾಕ ದಣಿಯೂದಿಲ್ಲ ಅಂತ ಇವತ್ತ ತಿಳೀತ ನೋಡು."

ಅಮಾವಾಸ್ಯೆಯ ದಿನ ಅರಕೇರಿಯ ಅಮೋಘಸಿದ್ಧನ ಗುಡ್ಡದಲ್ಲಿ ಸಭೆ. ಸಿದ್ದರಾಯನ ಮನೆತನ ಕುರಿ ಕಾಯ್ದದ್ದು. ಅವನ ಕರುಳುಬಳ್ಳಿಯೆಲ್ಲ ಅಲ್ಲಿ ಕಂಬಳಿ ಹೊದ್ದು ಕೂಡಿತ್ತು. ದೇವರ ದರ್ಶನದ ನೆವದಿಂದ ದೇಸಾಯಿಯೂ ಬಂದು ಕುಳಿತಿದ್ದ. "ನಾನು ನಿಮ್ಮ ಸೇವಕ, ನಿಮ್ಮ ಕಷ್ಟ ಬಲ್ಲೆ" ಎಂದು ಅಂಬಾದಾಸ ಗಿಳಿಗೆ ಕಲಿಸಿದಂತೆ ಕಲಿಸಿ ಕರೆತಂದಿದ್ದ. ಸಿದ್ದರಾಯ ಎದ್ದು ನಿಂತವನು ಕಲಿತದ್ದನ್ನೆಲ್ಲ ಮರೆತ. ಮುಂದೆ ಕುಳಿತಿದ್ದ ಮುದುಕಿ ತಿಪ್ಪವ್ವ ಕಾಯುವಷ್ಟು ಕಾದು ಕೇಳಿದಳು:

"ಅಲ್ಲೋ ಯಪ್ಪಾ, ದಿಲ್ಲ್ಯಾಗ ಹೋಗಿ ನೀ ಏನ್ ಮಾಡಾಂವ?"

"ಮದಲ ಕುರ್ಚಿ ಮ್ಯಾಲ ಕೂಡ್ತೀನಿ ಬೇ."

"ಕುಂತು?"

"ಕುಂತು ಒಂದ ಮಾತ ಕೇಳ್ತೀನಿ. ಸರಕಾರ ಲೇವಿ ಜ್ವಾಳ ಅಂತ ನಮ್ಮ ಗುಡಸಲಾ ಹೊಕ್ಕು ಗಡಿಗಿ ತಡವತೈತಿ. ವಾಡೇದ ಹಗೇವು ಅದರ ಕಣ್ಣಿಗೆ ಯಾಕ ಕಾಣವಲ್ವು ಅಂತ."

ಲಡಾಯಿಯ ಕಾಲದಿಂದ ಸರಕಾರದವರು ನಮ್ಮ ಜೋಳವನ್ನೆಲ್ಲ ಲೇವಿಗೆ, ಎಂದರೆ ಕಡ್ಡಾಯ ವಸೂಲಿಗೆ, ಅಳೆದುಕೊಂಡು ಹೋಗುತ್ತಿದ್ದರು. ದೇಸಾಯಿಯ ಹಗೇವುಗಳು, ನೆಲದೊಳಗೆ ಆಳು ಮುಳುಗುವಂಥ ಜೋಳದ ಗುಂಡಿಗಳು, ಮುಚ್ಚಿದ ಬಾಯಿ ಮುಚ್ಚಿದಂತೆಯೇ ಇದ್ದವು. ಗುಡ್ಡವೆಲ್ಲ ನಕ್ಕಿತು, ಸಿಳ್ಳೆ ಹಾಕಿತು, ಡೊಳ್ಳು ಬಾರಿಸಿತು. ಜನರೆದುರು ಬೇರೆ ದಾರಿಯಿಲ್ಲದೆ ದೇಸಾಯಿಯೂ ನಕ್ಕ. ಅಷ್ಟೇ ಅಲ್ಲ, ಈ ಹುರುಪನ್ನು ಕೈಬಿಡಬಾರದೆಂದು ಪೂಜಾರಿಯ ತಟ್ಟೆಯಿಂದ ಒಂದು ಮುಷ್ಟಿ ಭಂಡಾರ ಎತ್ತಿ ಸಿದ್ದರಾಯನ ಹಣೆಗೆ ಬಳಿದು, "ಹೋಗಿ ಬಾರೋ ದಿಲ್ಲಿಗೆ," ಎಂದ.

ಡೊಳ್ಳು ಗಕ್ಕನೆ ನಿಂತಿತು. ಜನ ಭಕ್ತಿಯಿಂದ ಸುಮ್ಮನಾದರೆಂದು ದೇಸಾಯಿ ತಿಳಿದ. ಅವನಿಗೆ ಅದು ಬರಿ ಅರಿಷಿಣ ಪುಡಿ. ನಮ್ಮಲ್ಲಿ ಅಮೋಘಸಿದ್ಧನ ಭಂಡಾರ ಹಚ್ಚಿ ಒಬ್ಬನನ್ನು ಕೆಲಸಕ್ಕೆ ಕಳಿಸಿದರೆ, ಅದು ಮುಗಿಯುವ ತನಕ ಅವನನ್ನು ಹಿಂದಕ್ಕೆ ಕರೆಯುವಂತಿಲ್ಲ. ಕರೆದರೆ ಕೇಡು ಕರೆದವನ ಮನೆಗೆ.

ಅರ್ಜಿ ಹಿಂದಕ್ಕೆ ಪಡೆಯಲು ಒಂದೇ ದಿನ ಉಳಿದಾಗ ಸಿದ್ದರಾಯನಿಗೆ ವಾಡೆಯಿಂದ ಕರೆ ಬಂತು.

"ಸಾಕಿನ್ನ ನಿನ್ನ ಕುಣಿತ. ನಾಳೆ ಅಂಬಾದಾಸನ ಕೂಡ ಹೋಗಿ ಹೆಬ್ಬಟ್ಟ ಒತ್ತಿ ಬಾ."

"ನಂದೇನೂ ಅಡ್ಡಿ ಇಲ್ರಿ, ಧಣೇರ," ಎಂದ ಸಿದ್ದರಾಯ, ಕೈ ಕಟ್ಟಿಕೊಂಡು. "ಆದ್ರ ಭಂಡಾರ ಹಚ್ಚಿ ಕಳಿಸಿದವ್ರು ತಾವು. ಹಿಂದಕ್ಕ ಕರದ್ರ ಅದು ತಮ್ಮ ಮನಿಗೆ ಹತ್ತತೈತಿ. ಉಪ್ಪ ತಿಂದ ಮನಿ, ನನ್ನ ಕೈಯಿಂದ ಅದು ಹೆಂಗ ಆದೀತ್ರಿ?"

"ಸೂಳಿಮಗನ, ನನಗ ಪುರಾಣ ಹೇಳ್ತಿ?"

ಒಳಗಿನಿಂದ ದೇಸಾಯಿಯ ಮುದಿ ತಾಯಿ ಕೂಗಿದಳು: "ಬ್ಯಾಡೋ, ದೇವರ ಕೂಡ ಚಾಷ್ಟಿ ಬ್ಯಾಡ. ಮನ್ಯಾಗ ಕೂಸು ಕುನ್ನಿ ಅದಾವ."

ದೇಸಾಯಿ ತೂಗುಮಂಚ ನಿಲ್ಲಿಸಿದ. ದನಿ ತಗ್ಗಿಸಿದ.

"ಆತು, ನಾ ಕರಿಯೂದಿಲ್ಲ. ನಾಳೆ ಹೊತ್ತ ಮುಳಗೂದ್ರಾಗ ನೀನ ನಿನ್ನ ಖುಷಿಲೆ ತಗದ ಬಾ. ಇಲ್ಲಾಂದ್ರ ನಾಡದ ನನ್ನ ದನ ನಿನ್ನ ಪಾಲಿನ ಜ್ವಾಳದಾಗ. ದನಕ್ಕ ಯಾ ಭಂಡಾರೂ ಗೊತ್ತಾಗೂದಿಲ್ಲ."

ಜೋಳದ ತೆನೆ ಹಾಲುಗಾಳು ಕಟ್ಟಿತ್ತು. ಅರ್ಧ ಬೆಳೆ ವಾಡೆಯದೇ. ಆದರೆ ಅದು ಹೋದರೆ ದೇಸಾಯಿಗೆ ಒಂದು ಹಗೇವಿನ ಮೂಲೆ ಬರಿದಾಗುತ್ತಿತ್ತು. ಸಿದ್ದರಾಯನಿಗೆ ಮುಂದಿನ ಸುಗ್ಗಿಯ ತನಕದ ರೊಟ್ಟಿಯೇ ಹೋಗುತ್ತಿತ್ತು.

ಮನೆಯಲ್ಲಿ ಹೆಂಡತಿ ಸಕ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ಹೊಸ್ತಿಲಲ್ಲಿ ಕುಳಿತು ಎಲ್ಲ ಹೇಳಿದ. ಅವಳ ಕೈ ನಿಲ್ಲಲಿಲ್ಲ.

"ತಗದ ಬಂದ ಬಿಡ್ಲೇನ?" ಎಂದ.

"ನನ್ನ ಯಾಕ ಕೇಳ್ತಿ? ದಿಲ್ಲಿಗೆ ನಿಂತಾಕಿ ನಾನೇನ?"

"ಆದ್ರ ಭಂಡಾರ..."

"ವಾಡೇದಾಗ ಹೇಳಿದ್ದ ನನ್ನ ಮುಂದ ಹೇಳಬ್ಯಾಡ. ಹಗೇವಿನ ಮಾತ ಆಡಿದ್ದು ಭಂಡಾರ ಹಚ್ಚಿದ ಮ್ಯಾಲೋ, ಮದಲೋ?"

ಸಿದ್ದರಾಯ ವಿಚಾರ ಮಾಡಿದ. "ಮದಲ."

"ಹಂಗಾದ್ರ ಅದು ದೇವರ ಮಾತಲ್ಲ, ನಿಂದು. ನುಂಗಾಂವಿದ್ರ ನೀನ ನುಂಗು. ದೇವರ ನೆವಾ ಹೇಳಬ್ಯಾಡ." ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಬಾ, ಉಣ್ಣ. ನಾಡದಿಂದ ದಿಲ್ಲೀನ ತಿನ್ನೂದೈತಿ."

ಮರುದಿನ ಅಂಬಾದಾಸ ಚಕ್ಕಡಿ ಕಟ್ಟಿಕೊಂಡು ಬಂದ. ಸಿದ್ದರಾಯ ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದ. ಅಂಬಾದಾಸ ಕರೆದ, ಬೈದ, ಕಡೆಗೆ ಬೇಡಿಕೊಂಡ. ಸಿದ್ದರಾಯ ಹೊತ್ತು ಮುಳುಗುವ ತನಕ ಅಲ್ಲಿಂದ ಏಳಲಿಲ್ಲ.

ಅದರ ಮರುದಿನ ಜೋಳದೊಳಗೆ ದನ ಹೊಡೆದವನು ನಮ್ಮವನೇ, ವಾಡೆಯ ದನಗಾಹಿ ತುಕಾರಾಮ. ಹಿಂದೆ ಅಂಬಾದಾಸ ಕೊಡೆ ಹಿಡಿದು ನಿಂತಿದ್ದ. ನಾವು ಬದುವಿನ ಮೇಲೆ ನಿಂತು ನೋಡಿದೆವು. ಹಾಲುದಂಟು ಲಟಲಟ ಮುರಿಯುವ ಸದ್ದು ಮಧ್ಯಾಹ್ನದ ತನಕ ಕೇಳಿತು. ತುಕಾರಾಮ ತಲೆ ಎತ್ತಲಿಲ್ಲ. ಸಕ್ರವ್ವನೇ ಅವನನ್ನು ಮಾತಾಡಿಸಿದಳು.

"ಹೊಟ್ಟಿ ತುಂಬ ಮೇಸೋ ತುಕಾರಾಮಾ. ಮುಂಜಾನಿ ಹಿಂಡಿದಾಗ ಒಂದ ಚರಗಿ ಹಾಲ ನಮ್ಮ ಮನಿಗೂ ಕಳಸು. ನಮ್ಮ ಜ್ವಾಳದ್ದ ಅದು."

ಅಂಬಾದಾಸನೂ ನಗಲಿಲ್ಲ, ನಾವೂ ನಗಲಿಲ್ಲ.

ಓಟಿನ ದಿನ ಬಬಲೇಶ್ವರದ ಶಾಲೆಯ ಎದುರು ಹೊತ್ತು ಹುಟ್ಟುವ ಮೊದಲೇ ಜನರ ಸಾಲು ಪಾಳಿ ಹಚ್ಚಿ ನಿಂತಿತ್ತು. ಎಲ್ಲರಿಗಿಂತ ಮುಂದೆ ಸಕ್ರವ್ವ. ಅವಳ ಹಿಂದೆ ತಿಪ್ಪವ್ವ, ನಾನು, ನಮ್ಮ ಹಿಂದೆ ಕೂಲಿಯವರು, ಕುರಿಯವರು, ಹೊಲಗೇರಿಯವರು. ದನಗಳನ್ನು ದೊಡ್ಡಿಯಲ್ಲೇ ಬಿಟ್ಟು ತುಕಾರಾಮನೂ ಬಂದಿದ್ದ. ಅಧಿಕಾರಿ ಬಾಗಿಲಿಗೆ ಬಂದು ಹೆಸರು ಕೇಳುತ್ತ ಹೋದ. ಹತ್ತಾರು ಜನರನ್ನು ಕೇಳುವಷ್ಟರಲ್ಲಿ ಬೆವೆತ.

"ನಿಮಗ ಯಾರಿಗೂ ಓಟ ಇಲ್ಲಲ್ಲ."

"ಇಲ್ಲಂತ ಗೊತ್ತೈತ್ರಿ," ಎಂದಳು ಸಕ್ರವ್ವ.

"ಮತ್ತ ಯಾಕ ಬಂದೀರಿ?"

"ನಿಲ್ಲಾಕ ಬಂದೀವ್ರಿ. ನನ್ನ ಗಂಡ ಒಬ್ಬನ ನಿಂತಾನ."

ಅಷ್ಟರಲ್ಲಿ ದೇಸಾಯಿಯ ಮೋಟಾರು ಬಂತು. ಅವನು ಇಳಿದು, ಧೋತರದ ಚುಂಗು ಹಿಡಿದು, ನೇರ ಬಾಗಿಲಿಗೆ ನಡೆದ. ಸಕ್ರವ್ವ ಅಲುಗಲಿಲ್ಲ.

"ದಾರಿ ಬಿಡ ಬೋಸೂಡಿ. ನಿನಗೆಲ್ಲಿ ಓಟ ಐತಿ?"

"ಓಟ ಇಲ್ರಿ," ಎಂದಳು. "ಪಾಳಿ ಐತಿ. ಹಿಂದ ಹೋಗಿ ನಿಲ್ರಿ."

ದೇಸಾಯಿ ಬಾಗಿಲ ಬಳಿ ಕಾವಲಿದ್ದ ಫೌಜದಾರನತ್ತ ನೋಡಿದ. ಫೌಜದಾರ ಲಾಠಿ ಎತ್ತಿದವನು, ಪಾಳಿ ಎಲ್ಲಿ ಮುಗಿಯುತ್ತದೆಂದು ನೋಡಲು ಒಮ್ಮೆ ಹೊರಳಿದ. ಊರಬಾಗಿಲ ಅಗಸಿಯ ಕಡೆಯಿಂದ ಜನ ಇನ್ನೂ ಬರುತ್ತಿದ್ದರು. ಬಂದವರು ಯಾರನ್ನೂ ಏನೂ ಕೇಳದೆ ಹಿಂದೆ ನಿಲ್ಲುತ್ತಿದ್ದರು.