ಸಾತವ್ವ ಏರಿದ ಗೋಪುರ

ಗುಂಡವ್ವ ತಾಯಿಯ ಬಲಗೈಗೆ ಅರಿಶಿಣ ಹಚ್ಚಿ ಎಡಗೈ ಹಿಡಿಯುವಷ್ಟರಲ್ಲಿ ನೆರೆಮನೆಯ ಶೇವಂತೆವ್ವ ಬೆನ್ನಿಗೆ ತಿವಿದಳು.

"ಅರಿಶಿಣ ಸಾಕು. ಇನ್ನ ಬಾಯಿ ತಗಿ. ಹಾಡ್ಯಾಡಿ ಅಳು."

"ಬರವಲ್ದು ಅತ್ತಿ."

"ಬರವಲ್ದು ಅಂದ್ರ? ಅಳಾಕ ಸಾಲಿ ಕಲೀಬೇಕೇನ?"

ಸಾತವ್ವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ದೇವರ ಭಂಡಾರದ ಅರಿಶಿಣ, ಮೈಮೇಲೆ ಹೊಸ ಇಳಕಲ್ ಸೀರೆ. ಎಪ್ಪತ್ತು ದಾಟಿದ ಜೀವ. ಹಿಂದಿನ ಸಂಜೆ ನುಚ್ಚು ಮಜ್ಜಿಗೆ ಉಂಡು, "ಛಲೋ ಆತು" ಎಂದು ಮಲಗಿದವಳು ಬೆಳಿಗ್ಗೆ ಎದ್ದಿರಲಿಲ್ಲ. ಹಾಗಾಗಿ ತಾಂಬಾ ಊರಿನ ಆ ಓಣಿಯಲ್ಲಿ ದುಃಖಕ್ಕಿಂತ ಒಂದು ಬಗೆಯ ಅಸೂಯೆಯೇ ಹೆಚ್ಚಾಗಿತ್ತು. ಬಂದ ಮುದುಕಿಯರೆಲ್ಲ, "ಹಿಂತಾ ಸಾವು ನಮಗೂ ಬರ್ಲಿ" ಎಂದು ಬೇಡಿಕೊಂಡೇ ಕೂಡುತ್ತಿದ್ದರು.

ಆದರೆ ಊರಿಗೊಂದು ಮಾತಿತ್ತು. ಹೆಣ ಎತ್ತುವ ಮುನ್ನ ಮಗಳು ತಾಯಿಯ ಬಾಳನ್ನು ಹಾಡಿ ಅಳಬೇಕು. ಇಲ್ಲದಿದ್ದರೆ ಹೋದವಳು ಆಚೆಯ ಲೋಕಕ್ಕೆ ಮೂಕಿಯಾಗಿ ಹೋಗುತ್ತಾಳೆ. ಆ ಅಳುವಿನಲ್ಲಿ ಸುಳ್ಳು ಬೆರೆಸುವಂತೆಯೂ ಇಲ್ಲ. ಬಾಳಿಡೀ ಮಾತಾಡಿಯೇ ಉಂಡ ಸಾತವ್ವ ಮೂಕಿಯಾಗುವುದೆಂದರೆ! ಗಂಡನ ಊರು ಕನ್ನೊಳ್ಳಿಯಲ್ಲಿ ಬಸ್ಸು ಹತ್ತಿದಾಗಿನಿಂದ ಗುಂಡವ್ವನಿಗೆ ಅದೇ ಭಯ.

ಶೇವಂತೆವ್ವ ತಾನೇ ಎಳೆ ಹಿಡಿದುಕೊಟ್ಟಳು. "ಬೀಸಿ ಬೀಸಿ ಕೈ ಸವಿಸಿದೆವ್ವಾ ನನ್ನವ್ವಾ... ಹೊಲದ ಕಸಾ ತಗದು ನಡಾ ಮುರಕೊಂಡೆವ್ವಾ..."

"ಯಾವ ಹೊಲಾ?" ಎಂದಳು ಹಿಂದಿನ ಸಾಲಿನ ಕಾಶಿಬಾಯಿ. "ಸಾತಕ್ಕ ಕುರುಪಿ ಹಿಡದಿದ್ದ ನಾ ಕಂಡಿಲ್ಲ. ಬೀಸೂದೂ ಅಷ್ಟ, ಗಿರಣಿಗೆ ಕಳಸ್ತಿದ್ಳು."

ಸೆರಗಿನ ಮರೆಯಲ್ಲಿ ಯಾರೋ ನಕ್ಕರು. ಗುಂಡವ್ವನಿಗೂ ನಗು ಬಂತು, ಅದರ ಹಿಂದೆಯೇ ಹೆದರಿಕೆ. ಎಲ್ಲರ ತಾಯಂದಿರಿಗೆ ಒಪ್ಪುವ ಸಾಲುಗಳು ತನ್ನ ತಾಯಿಗೆ ಒಪ್ಪುತ್ತಿರಲಿಲ್ಲ.

*

ಸುಗ್ಗಿ ಮುಗಿದರೆ ಸಾತವ್ವ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಗಂಡ ಚಂದ್ರಾಮ ಚಿತ್ರದ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಮುಂದೆ, ಅವಳು ತಾಳ ಹಿಡಿದು ಹಿಂದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕು ತಾಲೂಕು ತಿರುಗಿ ಮಳೆಗಾಲಕ್ಕೆ ಮರಳುವರು. ಪೆಟ್ಟಿಗೆಗೆ ನಾಲ್ಕು ಕಿಂಡಿ, ಒಳಗೆ ಸುರುಳಿ ತಿರುವಿದರೆ ಹತ್ತು ಚಿತ್ರ. ಬೊಗಸೆ ಜೋಳ ಕೊಟ್ಟವರು ಕಣ್ಣಿಟ್ಟು ನೋಡಬಹುದು. ಕೊನೆಯದು ಸಮುದ್ರದಂಡೆಯ ಒಂದು ಊರಿನ ಕಬ್ಬಿಣದ ಗೋಪುರ. ಹಡಗಿನಲ್ಲಿ ಕಲ್ಲಿದ್ದಲು ತುಂಬುವ ಕೆಲಸಕ್ಕಿದ್ದ ಅದೇ ಓಣಿಯ ಜೈನುದ್ದೀನ ತಂದುಕೊಟ್ಟದ್ದು. ಆ ಊರಿನ ಹೆಸರು ಅವನಿಗೂ ಮರೆತಿತ್ತು.

ಉಳಿದ ವರ್ಷಗಳಲ್ಲಿ ಅಜ್ಜಿಯ ಹತ್ತಿರ ಇರುತ್ತಿದ್ದ ಗುಂಡವ್ವ, ಎಂಟು ವರ್ಷದವಳಿದ್ದಾಗ ಒಮ್ಮೆ ಹಟ ಮಾಡಿ ಜೊತೆಗೆ ಹೋದಳು. ಮುದ್ದೇಬಿಹಾಳದ ಸಂತೆಯಲ್ಲಿ ತಾಯಿ ತಾಳ ತಟ್ಟಿ ಕೂಗಿದಳು:

"ನೋಡ್ರಿ ಸಮುದ್ರದ ದಂಡಿ! ಆ ಊರ ಸಾವಕಾರ ಪರದೇಶಕ್ಕ ಹೋಗಿ ಕಬ್ಬಿಣದ ಗೋಪುರ ನೋಡಿ ಬಂದ. ಬಂದಾವ ಮೂರ ದಿನಾ ಉಣಲಿಲ್ಲ. ನಮ್ಮೂರಿಗೂ ಒಂದ ಬೇಕಂದ, ಕಟ್ಟಿಸಿದ! ನಾಕ ಕಾಲಿನ ನಡುವ ಸರ್ಕಸ್ ಐತಿ. ಸರ್ಕಸ್ಸಿನ ಆನಿ ಬೆಳಿಗ್ಗೆ ಎದ್ದು ಸಮುದ್ರದಾಗ ಜಳಕಾ ಮಾಡಿ ಬರ್ತೈತಿ. ಅದರ ಮ್ಯಾಲ ಗಾಜಿನ ಮನಿ, ಮನೀ ತುಂಬ ಮೀನ. ಅದರ ಮ್ಯಾಲ ಹಲಿಗಿ ನೆಲದ ಪಡಸಾಲಿ. ಗಂಡಾ ಹೆಂಡ್ತಿ ಕೈ ಹಿಡಕೊಂಡು ಕುಣೀತಾರ, ಯಾರೂ ಬೈಯಂಗಿಲ್ಲ! ತುದಿಗೆ ಹೋಗಾಕ ಮೆಟ್ಟಲಿಲ್ರಿ. ಒಂದ ಕೋಲಿ ಐತಿ, ನಾಕ ಗ್ವಾಡಿ, ಒಂದ ಬಾಗಲಾ. ಒಳಗ ನಿಂತರ ಸಾಕು, ಕೋಲೀನ ಏರ್ತೈತಿ!"

"ಆ ಕೋಲ್ಯಾಗ ಒಲಿ ಮ್ಯಾಲ ಹಾಲಿಟ್ಟಿದ್ರ?" ಎಂದಳು ಒಬ್ಬ ಮುದುಕಿ.

"ಹಾಲು ಹೆಂಗೂ ಏರೂದ ಐತಲ್ಲ ಯವ್ವಾ!"

ಸಂತೆಗೆ ಸಂತೆಯೇ ನಕ್ಕಿತು. ಗುಂಡವ್ವ ಕಿಂಡಿಯಲ್ಲಿ ನೋಡಿದಳು. ಗೋಪುರ ಹೆಬ್ಬೆರಳಿನಷ್ಟಿತ್ತು, ಬಣ್ಣ ಮಾಸಿ, ಒಂದು ಮೂಲೆಯನ್ನು ಹುಳ ತಿಂದಿತ್ತು. ಕಣ್ಣು ಮುಚ್ಚಿ ತಾಯಿಯ ಮಾತು ಕೇಳಿದರೆ ಮಾತ್ರ ಮೋಡದವರೆಗೆ ಬೆಳೆಯಿತು.

"ಅವ್ವಾ, ನೀ ನೋಡೇ ಇಲ್ಲ. ಸುಳ್ಳ ಹೇಳ್ತಿ," ಎಂದಳು ಸಂಜೆ.

"ನೋಡಿಲ್ಲ, ಖರೆ. ಆದ್ರ ದಿನಕ್ಕ ಹತ್ತ ಸರ್ತಿ ಏರಿ ಇಳೀತೇನಿ. ಕಾಲ ಹೆಂಗ ನೋಯ್ತಾವ ನೋಡು," ಎಂದು ಸಾತವ್ವ ಕಾಲು ಚಾಚಿದಳು. ಗುಂಡವ್ವ ಒತ್ತಿದಳು. ನಿಜವಾಗಿಯೂ ಮೀನಖಂಡಗಳು ಕಲ್ಲಾಗಿದ್ದವು.

*

ಆಮೇಲೆ ಸಿಂದಗಿಗೆ ಟೂರಿಂಗ್ ಟಾಕೀಸು ಬಂತು, ಚಂದ್ರಾಮ ತೀರಿಕೊಂಡ, ಪೆಟ್ಟಿಗೆಯಲ್ಲಿ ಕೋಳಿ ಕಾವು ಕೂತಿತು. ಸಾತವ್ವ ಕೊರಗಲಿಲ್ಲ. ಕಟ್ಟೆಯ ಮೇಲೆ ಕೂತು, ಹೋಗಿಬರುವವರನ್ನೆಲ್ಲ ಬಿಟ್ಟಿಯಾಗಿ ಗೋಪುರಕ್ಕೆ ಹತ್ತಿಸಿ ಇಳಿಸುತ್ತಿದ್ದಳು.

ಈಗ ಅದೇ ಕಟ್ಟೆಯ ಮುಂದೆ, ಕೂತ ಹೆಣಕ್ಕೆ ಕುರ್ಚಿಯಂತೆ ಸಿದಗಿ ಕಟ್ಟುತ್ತಿದ್ದ ಗಂಡಸರಲ್ಲಿ ಜಗಳ ಎದ್ದಿತ್ತು.

"ಆನಿ ಅಲ್ಲೋ, ಒಂಟಿ," ಎಂದ ಲಚ್ಯಾಣದಿಂದ ಬಂದಿದ್ದ ಮಾಳಿಂಗಪ್ಪ. "ನಮ್ಮೂರಾಗ ಒಂಟಿ ಜಳಕಾ ಮಾಡ್ತೈತಿ ಅಂತ ಹೇಳಿದ್ಳು."

"ಇಂಡ್ಯಾಗ ಕುದರಿ ಅಂದಿದ್ಳು," ಎಂದ ಇನ್ನೊಬ್ಬ.

ಜೈನುದ್ದೀನನ ತಮ್ಮ ಕುತುಬುದ್ದೀನ ಹಗ್ಗ ಬಿಗಿಯುತ್ತ ನಕ್ಕ. "ನಮ್ಮಣ್ಣ ಹೇಳಿದ್ದು ಸರ್ಕಸ್, ಮೀನ, ಕುಣಿತ, ಏರೂ ಕೋಲಿ, ಇಷ್ಟರೀ. ಜಳಕಾ ಮಾಡಿಸಿದ್ದು ಸಾತಕ್ಕಾನ. ನಿಮ್ಮೂರಾಗ ನೀರ ಕಡಿಮಿ, ಅದಕ್ಕ ಒಂಟಿ ತಂದಾಳ."

ಮಾಳಿಂಗಪ್ಪ ಹೊತ್ತು ನೋಡಿದ. "ಆತ್ಬರ್ರಿ. ಹೊತ್ತ ವಾಲ್ತು. ಎತ್ತೂಣು."

ಸಾತವ್ವನನ್ನು ತಂದು ಸಿದಗಿಯಲ್ಲಿ ಕೂಡಿಸಿದರು. ಭಜನೆಯವರು ತಾಳ ತೆಗೆದರು. ನಾಲ್ವರು ಬಗ್ಗಿ ಬಿದಿರು ಹಿಡಿದು ಸೊಂಟದೆತ್ತರಕ್ಕೆ ಎತ್ತಿದರು. ಗುಂಡವ್ವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

"ಮೂಕಿಯಾಗಿ ಹೊಂಟ್ಳಲ್ಲೇ ಗುಂಡಿ!" ಶೇವಂತೆವ್ವನ ದನಿ ಒಡೆಯಿತು. ಈ ಸಲ ಅದು ನಿಜವಾದ ಅಳು.

ಗುಂಡವ್ವ ಓಡಿಬಂದು ಬಿದಿರಿಗೆ ಕೈಹಾಕಿದಳು.

"ನಿಂದರ್ರಿ. ನಮ್ಮವ್ವ ಹಂಗ ಹೋಗಂಗಿಲ್ಲ."

ಮೊದಲು ಬರೀ ಉಸಿರು ಬಂತು. ಆಮೇಲೆ ಮಾತು.

"ಬೀಸಲಿಲ್ಲ ನನ್ನವ್ವಾ... ಕಳೇ ಕೀಳಲಿಲ್ಲ ನನ್ನವ್ವಾ... ನಾಕ ತಾಲೂಕಿಗೆ ಸಮುದ್ರಾ ತಂದೆವ್ವಾ..."

ಕಾಶಿಬಾಯಿ ಹೌದೆಂದು ತಲೆಯಾಡಿಸಿದಳು. ಅದರಲ್ಲಿ ಸುಳ್ಳೇನಿತ್ತು?

"ಆನೀಗೆ ಶರಣ ಮಾಡಿ ಕೋಲ್ಯಾಗ ಕೂತೆವ್ವಾ... ಏರವ್ವಾ ನನ್ನವ್ವಾ..."

ಹೊತ್ತವರ ಕೈಗಳು ತಾವಾಗಿಯೇ ಎದೆಮಟ್ಟಕ್ಕೆ ಬಂದವು.

"ಮೀನ ಕಣ್ಣ ಬಿಟ್ಟ ನೋಡಾಕತ್ತಾವವ್ವಾ, ಯಾರ ಈಕಿ ಅಂತಾವವ್ವಾ..."

ಸಿದಗಿ ಹೆಗಲಿಗೇರಿತು.

"ಹಲಿಗಿ ನೆಲದಾಗ ಅಪ್ಪ ಚಪ್ಪಲಿ ಬಿಟ್ಟ ನಿಂತಾನವ್ವಾ... ಕೈ ಹಿಡಿಯವ್ವಾ, ಯಾರೂ ಬೈಯಂಗಿಲ್ಲ ನನ್ನವ್ವಾ... ಇನ್ನೂ ಮ್ಯಾಲ, ಇನ್ನೂ ಮ್ಯಾಲವ್ವಾ..."

ತಾಳ ನಿಂತಿತ್ತು. ಯಾರೂ ಹೇಳಲಿಲ್ಲ; ಆದರೂ ಮಾಳಿಂಗಪ್ಪ ತುದಿಗಾಲಲ್ಲಿ ನಿಂತು ತೋಳು ನೆಟ್ಟಗೆ ಮಾಡಿದ, ಉಳಿದ ಮೂವರೂ ಮಾಡಿದರು. ಭಂಡಾರ ಬಳಿದ ಆ ಮುಖ ಓಣಿಯ ನೆರಳು ದಾಟಿ ಬಿಸಿಲಿಗೆ ಬಂತು. ಎದುರಿನ ತಗ್ಗು ಮಾಳಿಗೆಯ ಮೇಲೆ ಮೆಣಸಿನಕಾಯಿ ಕಾಯುತ್ತ ಕೂತಿದ್ದ ಮುದುಕಿ, ಏರಿ ಬಂದ ಸಾತವ್ವ ತನಗೆ ಸಮನಾಗಿ ನಿಂತದ್ದನ್ನು ಕಂಡು, ಸೆರಗು ಸರಿಮಾಡಿಕೊಂಡು, ಕೂಡಲು ಜಾಗ ಕೊಡುವವಳಂತೆ ಕೊಂಚ ಅತ್ತ ಸರಿದಳು.