ತೋಳಿನ ಸುತ್ತಳತೆ

ಅಕ್ಷಯಾ ಎಂಬ ಆ ಹುಡುಗಿ ಟೇಪು ಹಿಡಿದು ಹತ್ತಿರ ಬಂದಾಗ ಉಜ್ಜನಪ್ಪ ಮೇಷ್ಟ್ರು ಅಂಗಿಯ ತೋಳು ಮಡಚುತ್ತ ಕೇಳಿದರು: "ಏನಮ್ಮ, ಜುಬ್ಬ ಹೊಲಿಸ್ತೀಯೋ, ಕೋಟೋ?"

"ಎರಡೂ ಅಲ್ಲ ಸರ್. ಮೈಯಲ್ಲಿ ಎಷ್ಟು ಮಾಂಸ ಉಳಿದಿದೆ ಅಂತ ನೋಡ್ತೀನಿ."

"ಮಾಂಸದ ವ್ಯವಹಾರ ನಮ್ಮಲ್ಲಿಲ್ಲಮ್ಮ. ನಾವು ಲಿಂಗವಂತರು."

ಹುಡುಗಿ ನಕ್ಕಳು. ಪಕ್ಕದ ಕುರ್ಚಿಯಲ್ಲಿದ್ದ ಜಗದಾಂಬಾ ನಗಲಿಲ್ಲ. ಗಂಡನ ತಮಾಷೆಗಳೆಲ್ಲ ಅವಳಿಗೆ ಹಳೆಯವು. ಹೊಸದೆಂದರೆ ಮಡಚಿದ ತೋಳಿನೊಳಗೆ ಅಷ್ಟೊಂದು ಜಾಗ ಇದ್ದದ್ದು.

ಶಿವಮೊಗ್ಗದ ಆ ಖಾಸಗಿ ಆಸ್ಪತ್ರೆಯಲ್ಲಿ ಅಕ್ಷಯಾಳ ಕೆಲಸ ರೋಗಿಗಳು ಏನು ತಿನ್ನಬೇಕೆಂದು ಹೇಳುವುದು. ಅದನ್ನೆಲ್ಲ ತಲೆಯಾಡಿಸಿ ಕೇಳಿಸಿಕೊಂಡು, ಮನೆಗೆ ಹೋಗಿ ತಮಗೆ ತೋಚಿದ್ದನ್ನು ತಿನ್ನುವುದು ರೋಗಿಗಳ ಕೆಲಸ. ಅವಳು ಮೇಷ್ಟ್ರ ಭುಜದ ತುದಿಯಿಂದ ಮೊಣಕೈವರೆಗೆ ಅಳೆದು, ನಟ್ಟನಡುವೆ ಪೆನ್ನಿನಲ್ಲಿ ಗುರುತು ಹಾಕಿ, ಅಲ್ಲಿ ತೋಳಿನ ಸುತ್ತ ಟೇಪು ಸುತ್ತಿದಳು. ತೋಳಿನ ಹಿಂಬದಿಯ ಚರ್ಮವನ್ನು ಇಕ್ಕಳದಂಥ ಒಂದು ಉಪಕರಣದಿಂದ ಹಿಡಿದು ಅದರ ದಪ್ಪ ನೋಡಿದಳು. ತೂಕ ನೋಡಿದಳು. ರಕ್ತ ತೆಗೆಯಲು ನರ್ಸನ್ನು ಕರೆದಳು.

ಮೇಷ್ಟ್ರಿಗೆ ಇದೆಲ್ಲ ಮಕ್ಕಳಾಟ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು ಅವರು. ಪ್ರತಿ ವರ್ಷ ಮಕ್ಕಳ ಎತ್ತರ, ತೂಕ ಬರೆದು ಕಳಿಸುವ ಜವಾಬ್ದಾರಿ ಅವರದೇ. ಶಾಲೆಯ ತೂಕದ ಯಂತ್ರದ ಮುಳ್ಳು ಯಾವ ಕಾಲದಲ್ಲೋ ಒಂದೇ ಕಡೆ ಕಚ್ಚಿ ನಿಂತಿದ್ದರಿಂದ, ಮುಖ ನೋಡಿ ತೂಕ ಬರೆಯುವುದನ್ನು ಅವರು ಒಂದು ವಿದ್ಯೆಯನ್ನಾಗಿ ಬೆಳೆಸಿಕೊಂಡಿದ್ದರು. ಬಡವರ ಮನೆ ಹುಡುಗರಿಗೆ, ಪಾಪ ಅಂತ, ಎರಡು ಕೆಜಿ ಹೆಚ್ಚಿಗೆ ಬರೆಯುತ್ತಿದ್ದುದೂ ಉಂಟು.

ಮಧ್ಯಾಹ್ನ ಸರ್ಜನ್ ಕರೆದು ಕೂರಿಸಿಕೊಂಡು ಹೇಳಿದರು: "ಹೊಟ್ಟೇಲಿರೋ ಗೆಡ್ಡೆ ತೆಗೀಬಹುದು. ಹರಡಿದ ಹಾಗೆ ಕಾಣ್ತಿಲ್ಲ. ಆದ್ರೆ ಈ ಮೈ ಆಪರೇಷನ್ ತಡೆಯಲ್ಲ. ರಕ್ತದಲ್ಲಿ ಆಲ್ಬುಮಿನ್ ಅಂತ ಒಂದು ಪ್ರೋಟೀನ್ ಇರುತ್ತಮ್ಮ. ಇವರಿಗೆ ಎರಡೂ ಮುಕ್ಕಾಲು ಇದೆ. ಕೊಯ್ದು ಹೊಲಿದ್ರೆ ಹೊಲಿಗೆ ಬಿಟ್ಕೊಳ್ಳುತ್ತೆ. ಒಂದು ತಿಂಗಳು ಚೆನ್ನಾಗಿ ನೋಡ್ಕೊಳ್ಳಿ. ಮೂರು ದಾಟಿಸ್ಕೊಂಡು ಬನ್ನಿ, ಡೇಟ್ ಕೊಡ್ತೀನಿ."

ಜಗದಾಂಬಾಗೆ ಗೆಡ್ಡೆಯ ಹೆಸರು ನೆನಪಿನಲ್ಲಿ ಉಳಿಯಲಿಲ್ಲ. ಮೂರು ಎಂಬುದು ಉಳಿಯಿತು. ಕಾಲು ಭಾಗ ಕಮ್ಮಿ, ಅಷ್ಟೇ. ದೇವರ ಹತ್ತಿರ ಇಷ್ಟು ಚಿಕ್ಕದನ್ನು ಅವಳು ಯಾವತ್ತೂ ಕೇಳಿದವಳಲ್ಲ.

"ಮೊಟ್ಟೆ ತಿಂತೀರಾ?" ಎಂದಳು ಅಕ್ಷಯಾ, ಊಟದ ಕ್ರಮ ಹೇಳಲು ಮತ್ತೆ ಕೂರಿಸಿಕೊಂಡು.

ಜಗದಾಂಬಾ ಕೊರಳಿನ ಲಿಂಗದ ಕರಡಿಗೆಯ ಮೇಲೆ ಕೈ ಇಟ್ಟುಕೊಂಡಳು. ಅಕ್ಷಯಾಗೆ ಉತ್ತರ ಸಿಕ್ಕಿತು.

"ಆಯ್ತಮ್ಮ. ಹಾಲು?"

"ಹಾಲು ಕುಡಿದ್ರೆ ಇವರ ಹೊಟ್ಟೆ ನಗಾರಿ ಆಗುತ್ತೆ."

"ಹಾಗಾದ್ರೆ ಒಂದು ಪ್ರೋಟೀನ್ ಪುಡಿ ಬರೀತೀನಿ. ಅದರ ಜೊತೆ ಬೇಳೆ. ಮೂರು ಹೊತ್ತೂ ಬೇಳೆ ಇರ್ಲಿ. ಸುಲಭವಾಗಿ ಜೀರ್ಣ ಆಗೋ ಹಾಗೆ ಮಾಡ್ಕೊಡಿ."

ಪುಡಿಯ ಕಥೆ ಎರಡೇ ದಿನಕ್ಕೆ ಮುಗಿಯಿತು. ಸುಣ್ಣ ಕದಡಿದ ಹಾಗಿದೆ ಎಂದು ಮೇಷ್ಟ್ರು ಕುಡಿದದ್ದನ್ನೆಲ್ಲ ಬಚ್ಚಲಿಗೆ ಒಪ್ಪಿಸಿದರು. ಡಬ್ಬಿ ಅಟ್ಟ ಸೇರಿತು. ಉಳಿದದ್ದು ಬೇಳೆ. ಅದರ ವಿಷಯದಲ್ಲಿ ತೀರ್ಪು ಕೊಡಲು ಬಂಗಾರಮ್ಮ ಇದ್ದರು.

ಬಂಗಾರಮ್ಮ ಮೇಷ್ಟ್ರ ಅಕ್ಕ. ಹಳೇನಗರದಿಂದ ಚೀಲ ಸಮೇತ ಬಂದು ತಮ್ಮನ ಮನೆಯಲ್ಲಿ ಠಿಕಾಣಿ ಹೂಡಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ದರ್ಬಾರು ನಡೆಸಲು ಒಬ್ಬರು ಬೇಕಲ್ಲ. ಆಕೆ ತಮ್ಮ ಅತ್ತೆಯನ್ನು, ಮಾವನನ್ನು, ಗಂಡನನ್ನು ಕೊನೆಗಾಲದಲ್ಲಿ ಆರೈಕೆ ಮಾಡಿದ್ದರು. ಮೂವರೂ ತೀರಿಕೊಂಡಿದ್ದರೂ ಆರೈಕೆಯಲ್ಲಿ ಲೋಪವಿತ್ತೆಂದು ಯಾರೂ ಹೇಳುವಂತಿರಲಿಲ್ಲ.

"ಬೇಳೆ ಕೊಡು ಅಂದ್ರೆ ಬೇಳೇನ ಹಾಗೇ ಕೊಡ್ತಾರೇನೆ?" ಎಂದರು, ಕುಕ್ಕರಿನೊಳಗೆ ಇಣುಕಿ. "ರೋಗಿಷ್ಟ ಮನುಷ್ಯ. ಅರಗಬೇಕಲ್ಲ. ನೀರು ಜಾಸ್ತಿ ಹಾಕಿ ಬೇಯಿಸಿ ಕಟ್ಟು ಬಸಿ. ಉಪ್ಪು, ಜೀರಿಗೆ ಹಾಕಿ ಬಿಸಿಬಿಸಿ ಕುಡಿಸು. ಸತ್ವ ಎಲ್ಲ ಕಟ್ಟಿನಲ್ಲೇ ಇಳಿದಿರುತ್ತೆ."

"ಡಾಕ್ಟರ ಹುಡುಗಿ ಬೇಳೆ ಅಂದ್ಲು ಅಕ್ಕಾ."

"ಕಟ್ಟು ಎಲ್ಲಿಂದ ಬರುತ್ತೆ, ಅಕ್ಕಿಯಿಂದ್ಲಾ? ಹೋಳಿಗೆ ಮಾಡಿದ ದಿನ ಕಟ್ಟಿನ ಸಾರಿಗೆ ಯಾಕೆ ಅಷ್ಟು ರುಚಿ ಹೇಳು ನೋಡಾಣ? ಬೇಳೇಲಿರೋದೆಲ್ಲ ಸಾರಿಗೆ ಬಂದಿರುತ್ತೆ. ಉಳಿಯೋದು ಬರೀ ಚರಟ. ಅದಕ್ಕೇ ಅಲ್ವೇನೆ, ಹೂರಣಕ್ಕೆ ಅಷ್ಟೊಂದು ಬೆಲ್ಲ ಸುರಿಯೋದು!"

ಈ ವಾದದಲ್ಲಿ ಜಗದಾಂಬಾಗೆ ಎಲ್ಲೂ ಬಿರುಕು ಕಾಣಲಿಲ್ಲ. ಬಾಣಂತಿಗೆ, ಜ್ವರದವರಿಗೆ, ಹಲ್ಲಿಲ್ಲದವರಿಗೆ ಅವಳ ತವರಿನಲ್ಲೂ ಕಟ್ಟನ್ನೇ ಕೊಡುತ್ತಿದ್ದರು. ಸುಲಭವಾಗಿ ಜೀರ್ಣವಾಗಬೇಕೆಂದು ಆ ಹುಡುಗಿಯೂ ಹೇಳಿದ್ದಳು. ಬೆಳಗ್ಗೆ ತೊಗರಿ, ಮಧ್ಯಾಹ್ನ ಹೆಸರು, ರಾತ್ರಿ ಮತ್ತೆ ತೊಗರಿ. ಅಳತೆ ತಪ್ಪದೆ ಬೇಯಿಸಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಒಂದು ಕಾಳಿನ ಚೂರೂ ಗಂಟಲಿಗೆ ಸಿಗದ ಹಾಗೆ ಲೋಟಕ್ಕೆ ಹೊಯ್ದು ಕೊಡುತ್ತಿದ್ದಳು. ಮೇಷ್ಟ್ರು ಪಟ್ಟಾಗಿ ಕುಡಿಯುತ್ತಿದ್ದರು. ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟದ ಮನುಷ್ಯ, ಕಟ್ಟಿನ ಆಸೆಗೆ ಪೂಜೆಯನ್ನೇ ಚುರುಕಾಗಿ ಮುಗಿಸತೊಡಗಿದರು.

ಬಸಿದುಳಿದ ಬೇಳೆ ಅಷ್ಟಿಷ್ಟಲ್ಲ. ಎಸೆಯುವ ಮನಸ್ಸಾಗದೆ ಜಗದಾಂಬಾ ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ತಾನೇ ತಿಂದಳು. ಒಂದು ದಿನ ಪಲ್ಯ, ಒಂದು ದಿನ ಚಟ್ನಿ, ಇನ್ನೊಂದು ದಿನ ರೊಟ್ಟಿಗೆ ನೆಂಚಿಕೊಳ್ಳಲು.

ಮೇಷ್ಟ್ರ ತೂಕ ಏರತೊಡಗಿತು.

ಹಾಲೇಶನ ಮೆಡಿಕಲ್ ಶಾಪಿನ ಬಾಗಿಲಲ್ಲಿ ಒಂದು ಯಂತ್ರವಿತ್ತು. ಮುಳ್ಳು ಕಚ್ಚದ, ಅಂಕಿ ಮಿನುಗುವ ಹೊಸ ಯಂತ್ರ. ಆಸ್ಪತ್ರೆಯಲ್ಲಿ ನಲವತ್ತೊಂಬತ್ತು ಇದ್ದದ್ದು ಅಲ್ಲಿ ಐವತ್ತಾಯಿತು, ಐವತ್ತೊಂದೂವರೆಯಾಯಿತು, ತಿಂಗಳು ತುಂಬುವ ಹೊತ್ತಿಗೆ ಐವತ್ತಮೂರು ತೋರಿಸಿತು.

"ಏನ್ ಮೇಷ್ಟ್ರೇ, ಭರ್ಜರಿಯಾಗ್ತಾ ಇದೀರಲ್ಲ!" ಎಂದ ಹಾಲೇಶ. "ಯಾವ ಟಾನಿಕ್ಕು? ನಮ್ಮಂಗಡೀದಂತೂ ಅಲ್ಲ."

"ನಮ್ಮಂಗಡೀದು ಮಾರಾಯ," ಎಂದು ಮೇಷ್ಟ್ರು ಹೆಂಡತಿಯ ಕಡೆ ಕೈ ತೋರಿಸಿದರು. ಮದುವೆಯಾದಂದಿನಿಂದ ನಾಲ್ಕು ಜನರೆದುರು ಅವರು ಅವಳನ್ನು ಹೊಗಳಿದ್ದು ಅದೇ ಮೊದಲು. ಜಗದಾಂಬಾಗೆ ಎಲ್ಲಿ ನೋಡಬೇಕೆಂದು ತೋಚದೆ, ಗಾಜಿನ ಕಪಾಟಿನಲ್ಲಿದ್ದ ಕೆಮ್ಮಿನ ಸಿರಪ್ಪುಗಳನ್ನು ಒಂದೊಂದಾಗಿ ನೋಡಿದಳು.

ಮುಖ ದುಂಡಗಾಯಿತು. ಚಪ್ಪಲಿ ಕಾಲಿಗೆ ಹಿಡಿಯದಾಯಿತು. ಕಾಲು ತುಂಬಿಕೊಂಡಿದೆ ಎಂದು ಮೇಷ್ಟ್ರು ದೊಡ್ಡ ಅಳತೆಯದು ತರಿಸಿದರು. ನೋಡಲು ಬಂದ ನೆಂಟರು ಕಳೆ ಬಂದಿದೆ ಎಂದರು. ಕಾಯಿಲೆಯವರನ್ನು ನೋಡಲು ಬಂದವರು ಹಾಗೆ ಹೇಳುವುದು ವಾಡಿಕೆ. ಈ ಸಲ ಅದನ್ನು ನಂಬಿಯೇ ಹೇಳಿದರು. ಬಂಗಾರಮ್ಮ ದೇವಸ್ಥಾನದಲ್ಲಿ ಕಾಯಿ ಒಡೆಸಿ, ಮನೆಯಲ್ಲಿ ಹೋಳಿಗೆ ಮಾಡಿಸಿದರು. ಹೋಳಿಗೆ ನೆಂಟರಿಗೆ, ಕಟ್ಟು ತಮ್ಮನಿಗೆ.

ಬಚ್ಚಲಿನಲ್ಲಿ ಬೆನ್ನಿಗೆ ನೀರು ಹೊಯ್ಯುವಾಗ ಮಾತ್ರ ಜಗದಾಂಬಾಗೆ ಬೇರೊಬ್ಬ ಮನುಷ್ಯ ಕಾಣುತ್ತಿದ್ದ. ಹೆಗಲ ಮೂಳೆಗಳು ಹ್ಯಾಂಗರಿನ ಹಾಗೆ ಎದ್ದಿದ್ದವು. ನೀರು ಪಕ್ಕೆಲುಬುಗಳ ನಡುವೆ ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಐವತ್ತಮೂರು ಕೆಜಿ ಎಲ್ಲಿ ಹೋಗಿ ಕೂತಿದೆ ಎಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳಿದರೆ ಯಾರಾದರೂ ಹೇಳಿಬಿಟ್ಟಾರು.

ಮತ್ತೆ ಶಿವಮೊಗ್ಗದ ಬಸ್ಸು ಹತ್ತಿದರು. ಮಲವಗೊಪ್ಪ ದಾಟುವುದರೊಳಗೆ ಮೇಷ್ಟ್ರು ಪಕ್ಕದ ಸೀಟಿನವನಿಗೆ ತಮ್ಮ ತೂಕದ ಪೂರ್ತಿ ಚರಿತ್ರೆ ಒಪ್ಪಿಸಿದ್ದರು.

ಅಕ್ಷಯಾ ತೂಕ ನೋಡಿ ನಗಲಿಲ್ಲ. ತೋಳಿಗೆ ಟೇಪು ಸುತ್ತಿದಳು. ಬಿಚ್ಚಿ ಇನ್ನೊಮ್ಮೆ ಸುತ್ತಿದಳು. ಆಮೇಲೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಮೇಷ್ಟ್ರ ಪಂಚೆ ಸ್ವಲ್ಪ ಸರಿಸಿ, ಕಾಲಗಂಟಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಇತ್ತು, ನಾದಿದ ಹಿಟ್ಟಿಗೆ ಬೆರಳಿಟ್ಟ ಹಾಗೆ.

"ಕಾಲಿಗೆ ಬೀಳಬೇಡಮ್ಮ, ನಿಂತಲ್ಲೇ ಆಶೀರ್ವಾದ ಮಾಡ್ತೀನಿ," ಎಂದರು ಮೇಷ್ಟ್ರು.

ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಫಲಿತಾಂಶ ಬಂದ ಮೇಲೆ ಅಕ್ಷಯಾ ಜಗದಾಂಬಾಳನ್ನು ಒಬ್ಬಳನ್ನೇ ಕರೆದಳು.

"ಅಮ್ಮ, ಆಲ್ಬುಮಿನ್ ಎರಡಕ್ಕೆ ಇಳಿದಿದೆ."

"ತೂಕ ಏರಿದೆಯಲ್ಲಮ್ಮ?"

"ಅದು ನೀರು. ರಕ್ತದಲ್ಲಿ ಪ್ರೋಟೀನ್ ಕಮ್ಮಿಯಾದ್ರೆ ನೀರು ಅಲ್ಲಿ ನಿಲ್ಲಲ್ಲ, ಕಾಲಿಗೆ, ಹೊಟ್ಟೆಗೆ ಇಳಿಯುತ್ತೆ. ತಕ್ಕಡಿಗೆ ಅದೆಲ್ಲ ಗೊತ್ತಾಗಲ್ಲ. ತೋಳು ನೋಡಿದ್ರೆ ಗೊತ್ತಾಗುತ್ತೆ. ಹೋದ ಸಲಕ್ಕಿಂತ ಒಂದೂವರೆ ಸೆಂಟಿಮೀಟರ್ ಸಣ್ಣ ಆಗಿದೆ." ತಡೆದು ಕೇಳಿದಳು: "ಬೇಳೆ ಕೊಟ್ರಾ?"

"ಒಂದು ಹೊತ್ತು ತಪ್ಪಿಸಿಲ್ಲ."

"ಹೇಗೆ ಮಾಡ್ತೀರಾ, ಹೇಳಿ."

ಜಗದಾಂಬಾ ಹೇಳಿದಳು. ಬೇಳೆ ಆರಿಸುವುದರಿಂದ ಹಿಡಿದು ಬಟ್ಟೆಯಲ್ಲಿ ಸೋಸುವವರೆಗೆ, ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಬಂದವರ ಹಾಗೆ ಹೇಳಿದಳು. ಹುಡುಗಿಯ ಮುಖ ನೋಡುತ್ತ ನೋಡುತ್ತ ದನಿ ತಗ್ಗಿತು.

"ಬಸಿದ ಮೇಲೆ ಬೇಳೆ ಏನು ಮಾಡ್ತೀರಾ?"

"ಚರಟ ಅಲ್ವಾ? ನಾನೇ ತಿಂತೀನಿ."

"ಪ್ರೋಟೀನ್ ಇರೋದು ಬೇಳೇಲಿ, ಅಮ್ಮ."

"ಕಟ್ಟಿನಲ್ಲಿ ಏನೂ ಇರಲ್ವಾ?"

"ರುಚಿ ಇರುತ್ತೆ."

ಆಮೇಲೆ ಆ ಹುಡುಗಿ ತನ್ನಿಂದಾದಷ್ಟು ಸಮಾಧಾನ ಹೇಳಿದಳು. ಈ ಕಾಯಿಲೆಯೇ ಹಾಗೆ, ತಿಂದದ್ದು ಮೈಗೆ ಹತ್ತಲು ಬಿಡುವುದಿಲ್ಲ. ಬೇಳೆಯನ್ನೇ ತಿನ್ನಿಸಿದ್ದರೂ ಮೂರು ದಾಟುತ್ತಿತ್ತು ಎಂದು ಹೇಳಲು ಬರುವುದಿಲ್ಲ ಎಂದಳು.

"ದಾಟ್ತಿರಲಿಲ್ಲ ಅಂತ ಹೇಳಕ್ಕೆ ಬರುತ್ತಾ?"

ಅಕ್ಷಯಾ ಟೇಪನ್ನು ಸುತ್ತತೊಡಗಿದಳು. ಸುತ್ತುವಾಗ ಅವಳ ಕಣ್ಣು, ಬರೀ ಅಭ್ಯಾಸದಿಂದ ಇರಬೇಕು, ಜಗದಾಂಬಾಳ ತೋಳಿನ ಮೇಲೆ ಹಾದುಹೋಯಿತು. ರವಿಕೆಯ ತೋಳು ಬಿಗಿಯಾಗುತ್ತಿದೆ ಎಂದು ಜಗದಾಂಬಾ ಹೋದ ವಾರವಷ್ಟೇ ಹೊಲಿಗೆ ಬಿಚ್ಚಿಕೊಂಡಿದ್ದಳು. ಸೆರಗನ್ನು ಎಳೆದು ತೋಳಿನ ಮೇಲೆ ಹೊದ್ದುಕೊಂಡಳು.

ಸರ್ಜನ್ ಮೇಷ್ಟ್ರ ಬೆನ್ನು ತಟ್ಟಿ, "ಸದ್ಯಕ್ಕೆ ಆಪರೇಷನ್ ಬೇಡ ಮೇಷ್ಟ್ರೇ. ಮಾತ್ರೆ ಬರೆದಿದೀನಿ. ಇಷ್ಟ ಬಂದಿದ್ದು ತಿಂದು ಆರಾಮಾಗಿರಿ," ಎಂದರು. ಬಾಗಿಲ ಬಳಿ ಜಗದಾಂಬಾಗೆ ಇಂಗ್ಲಿಷು ಬೆರೆಸಿ ಇನ್ನೊಂದಿಷ್ಟು ಹೇಳಿದರು. ಕಾಯಿಲೆ ಹರಡಿದೆ, ಇನ್ನು ಟೇಬಲ್ಲಿನ ಮೇಲೆ ಮಲಗಿಸುವ ಮಾತಿಲ್ಲ ಎಂಬಷ್ಟು ಅವಳಿಗೆ ತಿಳಿಯಿತು.

ವಾಪಸ್ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿ ಪಕ್ಕ ಕೂತು ಖುಷಿಯಾಗಿದ್ದರು. "ಕತ್ತೀನೇ ಬೇಡ ಅಂದ್ರು ನೋಡು! ನಿನ್ನ ಕಟ್ಟಿನ ಮಹಿಮೆ."

"ರೀ, ಅದು ಬರೀ ನೀರಂತೆ."

"ಯಾರಂದಿದ್ದು? ಆ ಟೇಪಿನ ಹುಡುಗೀನಾ? ನೀರೋ ನೆಣವೋ, ತಕ್ಕಡಿ ಮೇಲೆ ನಿಂತೋನು ನಾನು ತಾನೆ. ಸುಮ್ನಿರು ಮಾರಾಯ್ತಿ."

ಅವರು ಹೊರಗೆ ನೋಡುತ್ತ ಕೂತರು. ಭದ್ರಾವತಿ ಬರುವವರೆಗೆ ಪಕ್ಕದ ಸೀಟಿನವರನ್ನು ಮಾತಾಡಿಸಲಿಲ್ಲ. ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ಜಗದಾಂಬಾಗೆ ತಿಳಿಯಲಿಲ್ಲ.

ಮರುದಿನ ಅವಳು ಬೇಳೆಯನ್ನು ಬೆಣ್ಣೆಯಂತೆ ಅರೆದು ಬಟ್ಟಲಿಗೆ ಹಾಕಿಟ್ಟಳು. ಮೇಷ್ಟ್ರು ಒಂದು ಚಮಚ ಬಾಯಿಗಿಟ್ಟು, ಹಾಗೇ ಉಗಿದು, ಬಟ್ಟಲು ತಳ್ಳಿದರು.

"ಇದೇನಿದು ಕೆಸರು? ಕಟ್ಟು ಎಲ್ಲಿ?"

"ಇದು ಒಳ್ಳೇದಂತೆ. ಎರಡೇ ಎರಡು ಚಮಚ..."

"ಇಷ್ಟ ಬಂದಿದ್ದು ತಿನ್ನಿ ಅಂತ ಡಾಕ್ಟ್ರೇ ಹೇಳಿಲ್ವಾ? ಕಟ್ಟು ತಾ."

ಅಡುಗೆಮನೆಯಲ್ಲಿ ಅವಳು ಬಂಗಾರಮ್ಮನಿಗೆ ಹೇಳಲು ನೋಡಿದಳು. "ಅಕ್ಕಾ, ಸತ್ವ ಎಲ್ಲ ಬೇಳೇಲೇ ಇರುತ್ತಂತೆ. ಕಟ್ಟಿನಲ್ಲಿ ಏನೂ ಇಲ್ವಂತೆ."

"ಆ ಹುಡುಗಿ ಅಂದ್ಲಾ? ಮದುವೆ ಆಗಿದ್ಯಾ ಅವಳಿಗೆ?"

"ಇಲ್ಲ ಅನ್ಸುತ್ತೆ."

"ಮತ್ತೆ!" ಎಂದರು ಬಂಗಾರಮ್ಮ. ವಿಚಾರಣೆ ಅಲ್ಲಿಗೆ ಮುಗಿಯಿತು.

ಆಪರೇಷನ್ ಇಲ್ಲದೆ ಮೇಷ್ಟ್ರು ಗುಣವಾದರೆಂಬ ಸುದ್ದಿ ಹಬ್ಬಿತ್ತು. ಎದುರು ಮನೆಯ ಪುಟ್ಟಲಕ್ಷ್ಮಿ ತನ್ನ ಮಾವನಿಗೂ ಕಟ್ಟು ಮಾಡಿಕೊಡಬೇಕು, ಹೇಗೆಂದು ಕೇಳಲು ಬಂದಳು. ನೀರೆಷ್ಟು, ಜೀರಿಗೆ ಎಷ್ಟು ಎಂದು ಬಂಗಾರಮ್ಮ ಹೊಸ್ತಿಲಲ್ಲೇ ನಿಂತು ವಿವರಿಸಿದರು. ಜಗದಾಂಬಾ ಒಳಗೆ ಬಟ್ಟೆ ಹಾಸಿ ಬೇಳೆ ಬಸಿದಳು. ಅವಳು ಕೊಟ್ಟ ಲೋಟವನ್ನು ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕೊನೆಯ ಗುಟುಕಿನವರೆಗೆ ಕುಡಿದರು.

ಮೂರು ದಿನದಿಂದ ಅವಳು ಮಜ್ಜಿಗೆಯನ್ನವೊಂದನ್ನೇ ಉಣ್ಣುತ್ತಿದ್ದುದು ಬಂಗಾರಮ್ಮನ ಕಣ್ಣಿಗೆ ಬಿದ್ದಿತು.

"ನಿನಗೇನು ಬಂತೇ ಧಾಡಿ? ಅವನಿಗಿಂತ ಮೊದ್ಲು ನೀನು ಮಲಗಿಬಿಟ್ರೆ ಅವನನ್ನ ನೋಡೋರ್ಯಾರು, ನಾನಾ? ನನ್ನ ಮಂಡಿ ನೋಡಿದೀಯಾ?" ಎಂದು ಗದರಿ, ಒಗ್ಗರಣೆ ಹಾಕಿದ ಬೇಳೆಯನ್ನು ಸೌಟಿನ ತುಂಬ ಎತ್ತಿ ಅವಳ ತಟ್ಟೆಗೆ ಬಡಿಸಿ, ಎದುರಿಗೇ ಕೂತರು.

ಜಗದಾಂಬಾ ತಟ್ಟೆ ನೋಡಿದಳು. ಒಳಗಿನ ಕೋಣೆಯಲ್ಲಿ ಮೇಷ್ಟ್ರು ತೇಗಿದ್ದು ಕೇಳಿಸಿತು. ಅವಳು ಒಂದು ತುತ್ತು ಕಲಸಿ ಬಾಯಿಗಿಟ್ಟಳು. ನುಂಗಿದಳು. ಇನ್ನೊಂದು ತುತ್ತು ಕಲಸಿದಳು.

"ಉಪ್ಪು ಸರಿಯಾಗಿದ್ಯಾ?" ಎಂದರು ಬಂಗಾರಮ್ಮ.

"ಸರಿಯಾಗಿದೆ ಅಕ್ಕಾ," ಎಂದಳು.