ಮೇನ್ ಆಫ್ ಮಾಡಿದ ಭಾನುವಾರ

ಗೋಡೆಗೆ ಬಣ್ಣ ಹೊಡೆಯುವ ಗಂಡ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಮೂರು ಜನರ ಹೊಟ್ಟೆಪಾಡು ಅವಳೊಬ್ಬಳ ಹೊಲಿಗೆ ಕೆಲಸದ ಮೇಲೆ ಬಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನನ್ನದು ಚಾಚೋಕೂ ಆಗಲ್ಲ, ಮಡಚೋಕೂ ಆಗಲ್ಲ" ಎಂದು ಅವನು ಪ್ಲಾಸ್ಟರ್ ಹಾಕಿದ ಕಾಲು ತೋರಿಸಿದ. ಅವಳು ನಗಲಿಲ್ಲ, ಟೊಂಕ ಕಟ್ಟಿ ನಿಂತಳು. ಬೇಳೆಯನ್ನು ರಾತ್ರಿಯೇ ನೆನೆಹಾಕಿ, ಅನ್ನದ ಜೊತೆ ಒಂದೇ ಕುಕ್ಕರಿನಲ್ಲಿ ಬೇಯಿಸಿದಳು. ಹೊಲಿಗೆ ಕಾರ್ಖಾನೆಗೆ ನಡೆದೇ ಹೋದಳು. ಸ್ನಾನಕ್ಕೆ ತಣ್ಣೀರು. ಅತ್ತೆಯ ನಾಲ್ಕು ಧಾರಾವಾಹಿಗಳಲ್ಲಿ ಉಳಿದದ್ದು ಒಂದು.

"ನಾಲ್ಕು ಮನೆ ಜಗಳ ನೋಡ್ತಿದ್ದೆ, ಈಗ ಒಂದೇ ಮನೇದು" ಎಂದು ಅತ್ತೆ ಗೊಣಗಿದರು.

ಆದರೆ ತಿಂಗಳ ಕೊನೆಗೆ ಬಂದ ಕರೆಂಟ್ ಬಿಲ್ಲು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅವಳಿಗೆ ಅಳು ಬರಲಿಲ್ಲ, ಅನುಮಾನ ಬಂತು.

ಭಾನುವಾರ ಬೆಳಿಗ್ಗೆ ಮನೆಯ ಎಲ್ಲ ಸ್ವಿಚ್ಚು ಆರಿಸಿ, ಮೆಟ್ಟಿಲ ಕೆಳಗಿದ್ದ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕರೆಂಟ್ ಓಡುವಾಗ ಮಾತ್ರ ಮಿನುಗಬೇಕಾದ ಕೆಂಪು ದೀಪ ಇನ್ನೂ ಪಟಪಟನೆ ಮಿನುಗುತ್ತಿತ್ತು.

"ಎಲ್ಲಾ ಆಫ್ ಇದೆಯಾ, ಸರಿಯಾಗಿ ನೋಡಿ!"

"ನಾನೊಬ್ಬನೇ ಆನ್ ಇರೋದು" ಎಂದ ಗಂಡ ಒಳಗಿನಿಂದ.

ಅವಳು ಮೇನ್ ಸ್ವಿಚ್ಚನ್ನೇ ಇಳಿಸಿದಳು. ಐದು ನಿಮಿಷವಾಗಿರಲಿಲ್ಲ, ಮಹಡಿಯಿಂದ ಮನೆ ಮಾಲೀಕರು ಇಳಿದು ಬಂದರು. "ನಮ್ಮ ವಾಷಿಂಗ್ ಮಷೀನ್ ನಿಂತೋಯ್ತು. ಲೈಟೆಲ್ಲಾ ಉರೀತಿದೆ. ನಿಮ್ಮಲ್ಲೇನಾದ್ರೂ ಕರೆಂಟ್ ಹೋಗಿದೆಯಾ?"

"ಹೋಗಿಲ್ಲ ಸಾರ್, ನಾನೇ ತೆಗೆದಿದ್ದೀನಿ." ಸ್ವಿಚ್ಚು ಏರಿಸಿದಳು. ಮೇಲೆ ಮಷೀನು ಗುರುಗುಟ್ಟಿತು. ಇಳಿಸಿದಳು. ಸದ್ದಿಲ್ಲ.

ಮಾಲೀಕರ ಮುಖ ಬಾಡಿತು. "ಹಿಂದಿನ ಎಲೆಕ್ಟ್ರಿಷಿಯನ್ ಮಾಡಿದ ಎಡವಟ್ಟು. ನನಗೇನು ಗೊತ್ತಮ್ಮಾ?"

ಅವಳು ಸ್ವಿಚ್ಚಿನ ಮೇಲಿನ ಕೈ ತೆಗೆಯಲಿಲ್ಲ. ಮನೆ ಖಾಲಿ ಮಾಡಿ ಅಂದುಬಿಟ್ಟರೆ, ಕಾಲು ಮುರಿದ ಗಂಡನನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಆದರೂ ದನಿ ನಡುಗದಂತೆ ಹೇಳಿದಳು: "ಗೊತ್ತಿದ್ದೋ ಗೊತ್ತಿಲ್ದೇನೋ, ತಿಂದಿದ್ದು ನಮ್ಮ ಕರೆಂಟು. ಲೈನ್ ಬೇರೆ ಮಾಡ್ಸಿ. ಇಷ್ಟು ದಿನದ್ದು ಬಾಡಿಗೇಲಿ ಕಳೀರಿ."

"ನಿಧಾನಕ್ಕೆ ಯೋಚನೆ ಮಾಡೋಣ."

"ಮಾಡಿ ಸಾರ್. ಅಲ್ಲೀವರೆಗೂ ಇದು ಆಫೇ."

ಇಡೀ ಹಗಲು ಫ್ಯಾನಿಲ್ಲದೆ ಮೂವರೂ ಬೆವರಿದರು. ಮಧ್ಯಾಹ್ನ ಅತ್ತೆ ಕುರ್ಚಿ ಎಳೆದುಕೊಂಡು ಹೋಗಿ ಮೀಟರಿನ ಪಕ್ಕದಲ್ಲೇ ಕೂತುಬಿಟ್ಟರು. "ನೀನು ಹೋಗಿ ಸ್ವಲ್ಪ ಮಲಕ್ಕೋ. ನನ್ನ ದಾಟಿ ಯಾರು ಸ್ವಿಚ್ ಮುಟ್ತಾರೋ ನಾನೂ ನೋಡ್ತೀನಿ."

ಮದುವೆಯಾದಾಗಿನಿಂದ ಅತ್ತೆ ಅವಳಿಗೆ ಮಲಗು ಎಂದದ್ದು ಅದೇ ಮೊದಲು.

ಮೇಲಿನ ಮಷೀನಿನಲ್ಲಿ ಬಟ್ಟೆಗಳು ಸೋಪಿನ ನೀರಿನಲ್ಲೇ ನೆನೆಯುತ್ತಿದ್ದವು. ಮಾಲೀಕರ ಹೆಂಡತಿಯ ದನಿ ಏರುತ್ತಾ ಹೋದದ್ದು ಕೆಳಗಿನವರೆಗೂ ಕೇಳಿಸಿತು. ಸಂಜೆಯೊಳಗೆ ಎಲೆಕ್ಟ್ರಿಷಿಯನ್ ಬಂದು ತಂತಿ ಬೇರ್ಪಡಿಸಿದ. ಮಾಲೀಕರು ಅವಳ ಕಣ್ಣು ತಪ್ಪಿಸಿ, "ಮೂರು ತಿಂಗಳು ಅರ್ಧ ಬಾಡಿಗೆ ಕೊಡಿ ಸಾಕು" ಎಂದರು.

"ಒಂದು ಚೀಟೀಲಿ ಬರೆದುಕೊಟ್ಬಿಡಿ ಸಾರ್" ಎಂದಳು.

ಬರೆದುಕೊಟ್ಟರು.